ಗೋಲ್ ಅಲ್ಲ

(ಬೆಟಗೇರಿಯ ಏಕನಾಥಸಾ ಬಾಕಳೆ ಸರ್ ಅವರ ಸತ್ಕಾರದ ದಿನ)

ರಾತ್ರಿ ಎಂಟು ಹೊಡೆದ್ರ ಓಣ್ಯಾಗ ಸೀಟಿ.
ಮಗ್ಗದ ಕುಣಿಯೊಳಗ ಕಾಲಿಟ್ಟ ಹೆಂಗಸರು
ಲಾಳಿ ನಿಲ್ಲಿಸಿ, ಉಡ್ಯಾಗಿನ ನೂಲು ಝಾಡಿಸಿ
ಪಾಟಿ ಹುಡುಕ್ತಿದ್ರು.
"ನಡೀರೆವ್ವಾ, ರೆಫ್ರಿ ಬಂದ."
ಸಂಜಿಮುಂದ ನಮ್ಮನ್ನ ಓಡಿಸಿದ ಅದ ಸೀಟಿ
ರಾತ್ರಿ ನಮ್ಮವ್ವಂದಿರನ್ನ ಕೂಡ್ರಿಸ್ತಿತ್ತು.

ಸಾಲಿ ಮೈದಾನ ಅಂದ್ರ ಏನು,
ಒಂದು ಕಡೆ ಜಾಲಿ ಕಂಟಿ, ಒಂದು ಕಡೆ ಬಣ್ಣದ ನೀರಿನ ಗಟಾರ.
ಚೆಂಡು ಬಿದ್ದು ಬಂದ್ರ ಒಂದಿನ ಕೆಂಪು, ಒಂದಿನ ಊದಾ.
ಕಚ್ಚಾ ನೂಲಿನಾಗ ನಾವ ಹೆಣದ ಜಾಳಿಗಿ, ಅದ ನಮ್ಮ ನೆಟ್ಟು.
ಸುಣ್ಣದ ಗೆರಿ ಸರ್ ತಾವ ಹೊಡೀತಿದ್ರು
ಹಗ್ಗ ಎಳದು, ಹಾಸು ಹೂಡಿಧಾಂಗ.
ಯಾರನ್ನೂ ಹೆಸರು ಹಿಡಿದು ಕರೀತಿರಲಿಲ್ಲ. ನಂಬರು.
"ಹೆಸರು ಕರದ್ರ ಅಪ್ಪ ನೆನಪಾಗ್ತಾನ, ಜಾತಿ ನೆನಪಾಗ್ತದ,
ಮೈದಾನದಾಗ ಅಷ್ಟು ಮಂದಿಗೆ ಜಾಗಿಲ್ಲೋ."
ನಾ ಹನ್ನೊಂದು.

ಆ ವರ್ಷದ ಫೈನಲ್ಲು. ರೋಣದ ಸಾಲಿ ಹುಡುಗರು
ಟೆಂಪೋದಾಗ ಬಂದವರು, ಆರು ಮಂದಿ ಬರಿಗಾಲು.
ಕಡೀ ಎರಡು ಮಿನಿಟು, ಇಳಿಬಿಸಿಲು ಸರ್ ಕಣ್ಣಾಗ.
ನಾ ಒದ್ದೆ.
ಚೆಂಡು ಕಂಬದ ಹೊರಗ ಹೋತು,
ನೆಟ್ಟಿನ ಬಗಲಾಗೊಂದು ತೂತಿತ್ತು,
ಅದರಾಗ ಹಾಯ್ದು ಒಳಗ ಬಂದು ಕೂತಿತು.
ಸೀಟಿ. ಗೋಲ್.
ಅವರ ಗೋಲ್‌ಕೀಪರ್ ಅಂಗಿ ಜಗ್ಗಿ ಜಗ್ಗಿ ಅತ್ತ.
ಸೋತವರು ಅಳ್ತಾರ ಬಿಡು, ಅಂದ್ರು ಮಂದಿ.
ಹೆಗಲ ಮ್ಯಾಲೆ ಹೊತ್ತು ಬಸ್‌ಸ್ಟ್ಯಾಂಡ್ ತನಕಾ ಕುಣಿಸಿದ್ರು ನನ್ನ.
ಖರೇ ಗೊತ್ತಿದ್ದಾಂವ ನಾ. ಮಾತಾಡಲಿಲ್ಲ.
ಬಾಯಾಗ ಪೇಡೆ ಇತ್ತು.

ಕತ್ತಲಾದ ಮ್ಯಾಲೆ ನೆಟ್ಟು ಬಿಚ್ಚಾಕ ಹೋದಾಗ
ಅವರ ಕೈ ಆ ತೂತಿನಾಗ ಹೋತಂತ.
ನೇಕಾರನ ಕೈ. ಒಂದು ಎಳಿ ಹರದ್ರೂ ತಿಳೀತದ.
ಮರದಿನ ಮುಂಜಾನೆ ಏಳರ ಬಸ್ಸಿಗೆ ರೋಣ.
ಪ್ರಾರ್ಥನಿ ಮುಗಿದು ಹುಡುಗರು ಇನ್ನೂ ಸಾಲಾಗಿದ್ರು.
"ನಿನ್ನೆದು ಗೋಲ್ ಅಲ್ಲ. ನನಗ ಕಾಣಲಿಲ್ಲ, ಆದ್ರೂ ಊದಿದೆ.
ಕಪ್ಪು ಹೊಳ್ಳಿ ಬರೂದಿಲ್ಲ, ಹಂಗ ಕಾಯ್ದೆ ಇಲ್ಲ.
ತಪ್ಪು ನಂದು, ನಿಮ್ದಲ್ಲ. ಅಷ್ಟು ಹೇಳಾಕ ಬಂದೆ."
ಬರೂಮುಂದ ಆ ಗೋಲ್‌ಕೀಪರ್ ಹುಡುಗನ ಕೈ ಕುಲುಕಿದ್ರಂತ.

ಸಂಜಿಗೆ ನಮ್ಮ ಮನಿ ಕಟ್ಟಿಗೆ ಬಂದು ಕೂತ್ರು.
ನಾ ಹಿತ್ತಲ ಗೋಡಿ ಹಾರಾಂವ ಇದ್ದೆ.
ಬೈಲಿಲ್ಲ. ಒಂದು ಉಂಡಿ ನೂಲು ನನ್ನ ಕಡೆ ಒಗದು
"ಹನ್ನೊಂದು, ತೂತು ಎಲ್ಲೇದ ನಿನಗ ಗೊತ್ತದ. ಹೆಣಿ."
ಇಷ್ಟ.
ಗೇಣುದ್ದದ ತೂತು. ಮೂರು ಸಂಜಿ ಹಿಡೀತು.

ಅದ ಮಳಿಗಾಲ ನಮ್ಮವ್ವ
ಮಾಲಕರ ವಹ್ಯಾಗ ಹೆಬ್ಬೆಟ್ಟು ಒತ್ತೂ ಮುಂಚೆ
ಬೆರಳು ಹಿಂದಕ್ಕ ತಗೊಂಡು ಒಂದೊಂದ ಅಕ್ಷರ ಓದಿದ್ಲು:
"ಆರು ಸೀರಿ ಅಂತ ಬರದೀರಿ. ನಾ ನೇದದ್ದು ಎಂಟು."
ಮಾಲಕ ನಕ್ಕ. "ಕಣ್ತಪ್ಪಬೇ."
"ಹಂಗಾರ ತಿದ್ರಿ," ಅಂದ್ಲು ಅವ್ವ.
ತಿದ್ದೂ ತನಕಾ ಹೊಸ್ತಿಲ ಬಿಟ್ಟು ಅಲುಗಲಿಲ್ಲ.

ಇವತ್ತು ಸತ್ಕಾರ. ಮೂವತ್ತೆಂಟು ವರ್ಷ ಅಂದ್ರು, ಸಾವಿರ ಮ್ಯಾಚು ಅಂದ್ರು.
ಹೊಚ್ಚಿದ ಶಾಲಿನ ಅಂಚನ್ನ ಸರ್ ಎರಡು ಬೆರಳಾಗ ತಿಕ್ಕಿ ನೋಡಿದ್ರು.
ಪಾವರ್‌ಲೂಮು. ಸುಮ್ಮನಾದ್ರು.
ಮೈಕ್ ಹಿಡದಾಂವ ದನಿ ಏರಿಸಿದ:
"ಜೀವಮಾನದಾಗ ಒಂದೂ ತಪ್ಪು ತೀರ್ಪು ಕೊಡದ ಮಹಾನುಭಾವರು..."

ಸೀಟಿ.

ಸಣ್ಣದು. ಈಗ ಉಸಿರು ಕಮ್ಮಿ ಆಗೇದ.
ಸಭಾ ಎಲ್ಲಾ ಗಪ್.
ಕೂತಲ್ಲೇ ಒಂದು ಬೆರಳು ಎತ್ತಿ
ಕಣ್ಣು ಕಿರಿದು ಮಾಡಿ, ಸಾಲು ಸಾಲು ಹುಡುಕಾಕ ಹತ್ತಿದ್ರು.
ನನ್ನ ಮೊಣಕಾಲು ನೋವು, ಬೊಜ್ಜು,
ತೊಡಿ ಮ್ಯಾಲೆ ಮೊಮ್ಮಗಳಿಗೆ ಭರ್ತಿ ನಿದ್ದಿ.
ಆಕಿನ್ನ ಬಾಜೂದವರ ಕೈಯಾಗ ಕೊಟ್ಟು
ಎದ್ದು ನಿಂತೆ.