ಹಳದಿ, ಒಂದು

ಪೋರ್ತೊ ಟ್ರಾಮ್ ಡಿಪೊ. ಕಳೆದ ವಸ್ತುಗಳ ಕಚೇರಿ.
ಕೊಡೆಗಳ ಟೇಬಲ್ಲಿಗೆ ಇವತ್ತು
ಹೊಸದೊಂದು ಕಾಲಂ: ಬಣ್ಣ.
ಹಳೆಯ ಮೈಗ್ರೇಶನ್ ಮುಟ್ಟುವಂತಿಲ್ಲ,
ಅದು ಎಂದೋ ಓಡಿ ಮುಗಿದದ್ದು.
ಬೇರೆಯದೇ ಬರೆದೆ, ನಾಲ್ಕೇ ಸಾಲು.

ಯಂತ್ರ ತಡೆಯಿತು.
ಖಾಲಿ ಬಿಡಬಾರದು ಅಂದವಳು ನೀನೇ;
ಆಗಲೇ ಒಳಗಿರುವ ಒಂಬತ್ತು ಸಾವಿರಕ್ಕೆ
ಏನು ತುಂಬಲಿ?

ಅಮಿಲ್ಕಾರ್‌ಗೆ ಫೋನು ಮಾಡಿದೆ.
ಮೂವತ್ತು ವರ್ಷ ಈ ಕಿಟಕಿಯ ಹಿಂದೆ ಕೂತವರು,
ಈಗ ಮಾತೊಸಿನ್ಯೋಸ್‌ನಲ್ಲಿ ತಮ್ಮನ ಜೊತೆ
ಸಾರ್ಡೀನ್ ಸುಡುತ್ತಾರೆ.
"ಕಪ್ಪು ಅಂತ ಹಾಕು ದಿಯೋಲಿಂಡ,
ಜನ ಮರೆಯೋದು ಕಪ್ಪನ್ನೇ."
ಕೆಂಡದ ಮೇಲೆ ಕೊಬ್ಬು ಚಟಪಟ.
"ತಾಳು, ತಾಳು. ಒಂದು ಹಳದಿ ಇತ್ತು.
ಏಳು ಮೂರು ಒಂದು ಆರು.
ಮೊಣಕೈಯುದ್ದದ್ದು, ಹಿಡಿಯ ಮೇಲೆ ಹಾಲುಹಲ್ಲಿನ ಗುರುತು.
ಯಾರೂ ಕೇಳಿಕೊಂಡು ಬರಲಿಲ್ಲ."

ಡಿಫಾಲ್ಟ್: ಕಪ್ಪು. ಎಂಟರ್.
ಒಂಬತ್ತು ಸಾವಿರ ಕೊಡೆಗಳು
ಒಂದೇ ಉಸಿರಿಗೆ ಕಪ್ಪಾದವು.
ಒಂದನ್ನು ಮಾತ್ರ ಕೈಯಾರೆ ತಿದ್ದಿದೆ.

ಮಧ್ಯಾಹ್ನ ತೆಲ್ಮು ಬಂದ,
ಕಾಫಿಯ ಲೋಟ ನನ್ನ ಕಾಗದದ ಮೇಲೇ ಇಟ್ಟ.
"ಹಿಂದಕ್ಕೆ ಬರುವ ದಾರಿ ಬರೆದಿದ್ದೀಯಾ?"
ಬರೆದಿದ್ದೆ. ಕಾಲಂ ಕಿತ್ತುಹಾಕು, ಅಷ್ಟೆ.
ಪರೀಕ್ಷೆಗೆಂದು ಹಿಂದಕ್ಕೆ ಹೋದ,
ಮತ್ತೆ ಮುಂದಕ್ಕೆ ಬಂದ.
"ಹೋದಂತೆಯೇ ಬಂತು ನೋಡು" ಎಂದ.

ನೋಡಿದೆ.
ಎಣಿಕೆ ಸರಿ, ಸಾಲು ಸರಿ,
ಒಂಬತ್ತು ಸಾವಿರವೂ ಕಪ್ಪು.

ಪುಣ್ಯಕ್ಕೆ, ಫೋನಿನಲ್ಲಿ ಕೇಳಿದ್ದನ್ನು
ಕಾಗದ ಸಿಗದೆ ಅಂಗೈ ಮೇಲೆ ಗೀಚಿಕೊಂಡಿದ್ದೆ.
ಏಳು, ಮೂರು, ಒಂದು;
ಕೊನೆಯದು ಬೆವರಿಗೆ ಕದಡಿ
ಆರೋ, ಸೊನ್ನೆಯೋ.