ಕೊಂಬು

ಆಟದ ಹೆಸರು ಬದುಕ್ ಅಂದೆ.
ಅಂಗನವಾಡಿ ಟೀಚರು ಅವ್ವ, ಅಕ್ಕಿ ಆರಿಸುತ್ತಲೇ ತಿದ್ದಿದಳು:
‘ಕಡೀಗೆ ಕೊಂಬು ಬಿಟ್ಟಿ ನೋಡು.’

ಕೊರಿಯಾದ ಶಾಲೆಯಲ್ಲಿ ಎರಡು ವರ್ಷ
ಬೆಳಗಿನ ಎಂಟಕ್ಕೆ ಕೂತು ರಾತ್ರಿ ಹತ್ತಕ್ಕೆ ಎದ್ದವಳು ನಾನು.
ಒಂಬತ್ತರ ಪೋರ, ಮುಂದಿನ ಹಲ್ಲು ಬಿದ್ದವ,
ನನ್ನನ್ನು ಸೋಲಿಸಿ, ಎದ್ದು ನಿಂತು, ತಲೆಬಾಗಿ ವಂದಿಸುತ್ತಿದ್ದ.
ಅದೇ ಜಾಸ್ತಿ ಉರಿಯುತ್ತಿತ್ತು.

ಹಟ್ಟಿಯ ಕ್ವಾರ್ಟರ್ಸಿನ ನೆಲದ ಮೇಲೆ ಈಗ
ಇದ್ದಲಿನಲ್ಲಿ ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಉದ್ದ.
ನನಗೆ ಹುಣಸೆ ಬೀಜ.
ಅಪ್ಪನಿಗೆ ಬೆಣಚುಕಲ್ಲಿನ ಚೂರು.
ಇಪ್ಪತ್ತೆರಡು ವರ್ಷದ ರೂಢಿ,
ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ ಇಡುತ್ತಾನೆ.

ಸುತ್ತುಗಟ್ಟಿದರೆ ಕಲ್ಲು ಸಾಯುತ್ತದೆ ಅಪ್ಪ,
ಒಳಗೆ ಎರಡು ಕಣ್ಣಿದ್ದರೆ ಯಾರೂ ಕೊಲ್ಲಲಾರರು.
ಇದು ತಲೆಗೆ ಹತ್ತಲು ನನಗೆ ಆರು ತಿಂಗಳು ಹಿಡಿದಿತ್ತು.
ಅವನು ಬೂಟಿನ ಲೇಸು ಬಿಗಿಯುತ್ತ
‘ಹೌದಲ್ಲ, ಕೆಳಗೂ ಹಂಗ.
ಮ್ಯಾಲೆ ಬರಾಕ ಎರಡು ದಾರಿ ಇಲ್ಲದ
ಯಾರನ್ನೂ ಇಳಿಸಂಗಿಲ್ಲ’ ಅಂದ.

ಸೈರನ್ನು ಕೂಗಿತು. ಆಟ ಅರ್ಧಕ್ಕೆ.
ಅವ್ವ ಗೆರೆ ತುಳಿಯದೆ ಸುತ್ತುಹಾಕಿ ನೀರು ತಂದಳು.
ನಿದ್ದೆ ಬರಲಿಲ್ಲ ನನಗೆ. ಎದ್ದೆ.
ಮೂಲೆಯಲ್ಲಿ ಅವನ ಗುಂಪಿಗೆ ಒಂದೇ ಕಣ್ಣು.
ಕೊಲ್ಲುವ ಜಾಗ ಬಿಟ್ಟು
ಬೀಜವನ್ನು ಬೇಕಂತಲೇ ದೂರ ಇಟ್ಟೆ.

ಬೆಳಿಗ್ಗೆ ಆರೂವರೆ. ಮುಖ ಇನ್ನೂ ತೊಳೆದಿಲ್ಲ,
ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.
ಆಮೇಲೆ ಬೀಜ ಎತ್ತಿ ನನ್ನ ಅಂಗೈಗೆ ಹಾಕಿದ:
‘ಹುಲಿಗೀ,
ಆ ಹಲ್ಲುಬಿದ್ದ ಹುಡುಗ ನಿನಗ
ಹಿಂಗ ಬಿಟ್ಟುಕೊಡ್ತಿದ್ದನೇನು?’