ನೆರಳು ಹಾಕಬಾರದ ಅಂಕಿ

ರದ್ದಿಗೆ ತೂಗಿದ ಕಾಲೇಜಿನ ಪುಸ್ತಕಗಳೊಳಗಿಂದ
ನಾನು ಎತ್ತಿಟ್ಟುಕೊಂಡದ್ದು ಇದೊಂದೇ:
ಕ್ಯೂಬಾದ ಈಗಿನ ಚಿತ್ರಗಾರರು, ನೂರಾ ಹನ್ನೆರಡು ಪುಟ.
ಹೆಸರುಗಳಿದ್ದ ಮೂಲೆ ಇಲಿಯ ಪಾಲು.
ಸಮುದ್ರದ ವಾಸನೆ ಇರಲಿಲ್ಲ,
ಹಳೇ ಅಂಟಿನದಿತ್ತು.

ಮೋನಪ್ಪ ಚಿತ್ರಗಾರ ಚಷ್ಮಾ ಹಣೆಗೇರಿಸಿ
ಪುಟವನ್ನು ಮೂಗಿಗೆ ಹಿಡಿದು ನೋಡಿದ.
ನವನಗರದಲ್ಲಿ ಅವನ ಅಂಗಡಿಯೆಂದರೆ
ಒಂದು ಏಣಿ, ಎರಡು ಡಬ್ಬಿ;
ಉಳಿದದ್ದು ಫ್ಲೆಕ್ಸ್ ಮಷೀನಿನ ಹೊಟ್ಟೆಯಲ್ಲಿದೆ.
‘ಟೀಚರ, ಇದು ನಮ್ಮ ಕಿಲ್ಲಾ ಓಣಿ ಅಲ್ಲೇನ್ರಿ?’

ಅಲ್ಲ ಮೋನಪ್ಪ, ಹವಾನಾ.
ಜೋತುಬಿದ್ದ ಬಾಲ್ಕನಿ, ಅದಕ್ಕೆ ಊರುಗೋಲಾದ ತೊಲೆ.
ಮೂರನೇ ಅಂತಸ್ತಿನಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ
ಇಳಿಬಿಟ್ಟು ನಿಂತ ಮುದುಕಿ.
ಕೆಳಗೆ ಬ್ರೆಡ್ಡಿನ ಸಾಲು,
ಚೌಕಟ್ಟು ಮುಗಿದರೂ ಮುಗಿಯದ ಸಾಲು.
ಗೋಡೆಯ ಮೇಲೆ ಯಾರೋ ಏನೋ ಬರೆದಿದ್ದಾರೆ,
ಅದರ ಮೇಲೆ ಇನ್ಯಾರೋ ಸುಣ್ಣ ಹೊಡೆದಿದ್ದಾರೆ.
ಚಿತ್ರಗಾರ ಎರಡನ್ನೂ ಬಿಡಿಸಿದ್ದಾನೆ.

‘ಸುಣ್ಣಾ ಹೊಡದಾಂವಾ ಹೊಸಬ. ಕುಂಚ ಅಡ್ಡ ಎಳದಾನ.’

ಆಗ ಅವನಿಗೆ ಇಪ್ಪತ್ತಾರು.
ಮುಳುಗಡೆ ಆಫೀಸಿನವರು ಕೊಟ್ಟದ್ದು
ಒಂದು ಡಬ್ಬಿ ಕೆಂಪು, ಒಂದು ಉದ್ದ ಪಟ್ಟಿ.
ಮನೆಗೆ ಒಂದೂವರೆ ರೂಪಾಯಿ.
ಬಾಗಿಲ ಬಲಕ್ಕೆ, ಎದೆಯೆತ್ತರಕ್ಕೆ, ಒಂಬತ್ತು ಇಂಚು.
ಅಂಕಿಗೆ ನೆರಳು ಹಾಕಬಾರದು, ಬಣ್ಣ ದಂಡ, ಎಂದಿದ್ದನಂತೆ ಸಾಹೇಬ.
‘ಆದ್ರೂ ಹಾಕಿದ್ನಿರಿ. ಕೈ ಕೇಳಲಿಲ್ಲ.’

ಒಬ್ಬಾಕೆ ಮುಸುರೆ ನೀರು ಎರಚಿದಳು.
ಇನ್ನೊಬ್ಬಾಕೆ ಸೆರಗಿಂದ ಗೋಡೆಯ ಧೂಳು ಒರೆಸಿ ಕೊಟ್ಟು
‘ಚಂದಂಗ ಬರಿಯಪ್ಪಾ,
ಈ ಮನ್ಯಾಗ ಇನ್ನೊಂದು ಮದುವಿ ಐತಿ’ ಅಂದಳು.
ಸಂಜೆ ಹುಡುಗರು ಹಲಗೆ ತಂದರು, ಧಿಕ್ಕಾರ ಬರೆಸಲಿಕ್ಕೆ.
ಅದೇ ಡಬ್ಬಿ, ಅದೇ ಕೆಂಪು.
ಧಿಕ್ಕಾರಕ್ಕೆ ದುಡ್ಡು ಮುಟ್ಟಲಿಲ್ಲ, ಚಹಾ ಕುಡಿದೆ ಅಂತಾನೆ.
ಪಟ್ಟಿಯ ಕೊನೆಗೆ ತನ್ನ ಮನೆ ಬಂತು, ಸಾವಿರದ ನೂರಾ ನಲವತ್ತೇಳು.
ರಾತ್ರಿ ಬರೆದ, ಕಂದೀಲಿನ ಬೆಳಕಿನಲ್ಲಿ.
ಅದೊಂದಕ್ಕೆ ಮಾತ್ರ ನೆರಳು ಹಾಕಲಿಲ್ಲ.

ಅರವತ್ತೊಂದನೇ ಪುಟದಲ್ಲಿ ತೆಪ್ಪ.
ಬಾಗಿಲಿಗೆ ಬಾಗಿಲು ಕಟ್ಟಿ ಸಮುದ್ರಕ್ಕೆ ಬಿಟ್ಟಿದ್ದಾರೆ.
ಮೇಲೆ ಕೂತವರಿಗೆ ಮುಖವಿಲ್ಲ,
ಬಾಗಿಲಿಗೆ ಮಾತ್ರ ನಂಬರು ಇದೆ.
ಮೋನಪ್ಪ ಬಹಳ ಹೊತ್ತು ಸುಮ್ಮನಿದ್ದ.
ನಾವೂ ಬಾಗಿಲು ಕಿತ್ತು ತಂದೆವಲ್ಲ, ಟ್ರ್ಯಾಕ್ಟರಿನಲ್ಲಿ;
ಹೊಸ ಚೌಕಟ್ಟಿಗೆ ನಾಲ್ಕು ಬೆರಳು ದೊಡ್ಡದಾಗಿ
ಬಡಿಗ ಬುಡ ಕೊಯ್ದ ತೇಗದ ಬಾಗಿಲು.
‘ಅಲ್ಲಿ ಮಂದಿ ನೀರು ದಾಟ್ಯಾರ.
ಇಲ್ಲಿ ನೀರು ಮಂದೀನ ದಾಟಿ ಬಂತು,’ ಅಂದ.
ಅಂದದ್ದಕ್ಕೆ ತಾನೇ ನಾಚಿ, ಕೆಮ್ಮಿದ.

ಹೊರಟಾಗ ಕೇಳಿದ್ದು ಬೇರೆ:
‘ಇಷ್ಟು ನೀಲಿ ಅವರಿಗೆ ಎಲ್ಲಿ ಸಿಗತೈತ್ರಿ? ಕ್ಯಾನ್ವಾಸಾ?’
ಗೊತ್ತಿಲ್ಲ.
ಸಕ್ಕರೆ ಚೀಲದ ಮೇಲೂ ಬಿಡಿಸುತ್ತಾರೆ
ಅಂತ ಎಲ್ಲೋ ಕೇಳಿದ ನೆನಪು.
‘ಸಕ್ಕರೆ ಚೀಲ ನಮ್ಮಲ್ಲೂ ಅದಾವು.’

ಹೋಳಿಯ ಮೂರನೇ ದಿನ.
ಹಳೇ ಪೇಟೆಯಲ್ಲಿ ಹಲಗಿ ಇನ್ನೂ ನಿಂತಿರಲಿಲ್ಲ,
ಬಂಡಿಗೆ ಬ್ಯಾರಲ್ ಹೇರಿ ಓಣಿಗೆ ಓಣಿ ಎದುರಾಗಿತ್ತು.
ಕಿವಿಯೊಳಗೂ ಗುಲಾಬಿ ತುಂಬಿಕೊಂಡು ಬಂದ ಮೋನಪ್ಪ,
ಬಗಲಲ್ಲಿ ಸುತ್ತಿದ ಗೋಣಿ.
ಬಿಚ್ಚಿದರೆ ನೀರು.
ಹಿನ್ನೀರಿನ ಕಂದು ಬಣ್ಣ, ಹವಾನಾದ ನೀಲಿ ಅಲ್ಲ.
ನೀರಿನ ಮೇಲೆ ಒಂದು ಮಾಳಿಗೆ,
ಮಾಳಿಗೆಯಿಂದ ಹಗ್ಗಕ್ಕೆ ಬುಟ್ಟಿ ಇಳಿಬಿಟ್ಟವಳು,
ಅವನ ಅವ್ವನಿರಬಹುದು, ನಾನು ಕೇಳಲಿಲ್ಲ.
ಕೆಳಗೆ ಯಾರೂ ಇಲ್ಲ,
ಬುಟ್ಟಿಯ ತಳ ತೊಯ್ದಿದೆ.

ಗೋಡೆ ಬರಿದಾಗಿತ್ತು.
‘ನಂಬರು ಎಲ್ಲಿ ಮೋನಪ್ಪ?’
‘ಒರಸೀನ್ರಿ.’

ಅವನು ಹೋದ ಮೇಲೆ ಗೋಣಿ ತಿರುವಿದೆ.
ಮುಧೋಳದ ಕಾರ್ಖಾನೆಯ ಮುದ್ರೆ, ನಿವ್ವಳ ಐವತ್ತು ಕಿಲೋ,
ಅದರ ಪಕ್ಕ ಸೆಣಬಿನ ಎಳೆ ಸಂದಿನಿಂದ ಇಳಿದ ಕೆಂಪು,
ಉಲ್ಟಾ,
ಸಾವಿರದ ನೂರಾ ನಲವತ್ತೇಳು,
ನೆರಳಿನ ಸಮೇತ.